ನಾಲ್ಕನೇ ಸ್ಲೈಡು

ಮಾರ್ಚ್ ೧೧, ಮಂಗಳವಾರ

ನಾಲ್ಕನೇ ಸ್ಲೈಡು ತಲೆಯಿಂದ ಇಳೀತಿಲ್ಲ.

ಚರ್ಮದಲ್ಲಿ ಬಣ್ಣದ ಜೀವಕೋಶ ಅಕ್ಕಪಕ್ಕದವನ್ನು ಬಿಗಿಯಾಗಿ ಹಿಡಿದುಕೊಳ್ಳೋದು ಒಂದು ಪ್ರೋಟೀನಿನಿಂದ. ಮೈಕ್ರೋಸ್ಕೋಪಿನಲ್ಲಿ ಅದು ಹಸಿರು ಅಂಚಾಗಿ ಹೊಳೆಯಬೇಕು. ಬಿಳಿ ಕಲೆ ಬರೋರಲ್ಲಿ, ಕಲೆ ಕಣ್ಣಿಗೆ ಕಾಣೋ ಮೊದಲೇ ಅದು ಹರಿದಿರುತ್ತೆ. ನಾಲ್ಕರಲ್ಲಿ ಆ ಅಂಚು ಹರಿದು ಚಿಂದಿಯಾಗಿತ್ತು. ಹೆಸರು ಮುಚ್ಚಿಟ್ಟೇ ನೋಡೋದು ನಮ್ಮ ಪದ್ಧತಿ. ಹಿಂದೆಮುಂದೆ ನೋಡದೆ ‘ಬಿಳಿ ಕಲೆಯ ರೋಗಿ’ ಅಂತ ಬರೆದೆ. ಬಿಳಿ ಕಲೆ ಇರೋ ನಮ್ಮ ಅಕ್ಕನೂ ಚರ್ಮ ಕೊಟ್ಟಿದ್ದಳು; ಅವಳದೇ ಇರಬೇಕು ಅಂದುಕೊಂಡೆ.

ಸಂಜೆ ಟೆಕ್ನಿಷಿಯನ್ ಹೆಸರಿನ ಪಟ್ಟಿ ತೆರೆದರು. “ನಿಮ್ಮ ಅಕ್ಕನದು ಏಳು, ಮೇಡಂ. ನಾಲ್ಕು ನಿಮ್ಮದು. ಹೋಲಿಸೋಕೆ ಆರೋಗ್ಯವಾಗಿರೋ ಚರ್ಮ ಬೇಕು ಅಂತ ನೀವೇ ಕೊಟ್ರಲ್ಲ.”

ಅದಲುಬದಲಾಗಿರುತ್ತೆ ಅಂತ ರೇಗಿದೆ. ಪಾಪ, ಅವರು ಮೂರು ಸಲ ತಾಳೆ ನೋಡಿದರು. ಆಗಿರಲಿಲ್ಲ.

ಊಟಕ್ಕೆ ಕೂತಾಗ ಅಕ್ಕ ನನ್ನ ತೋಳು ನೋಡಿದಳು. “ಚರ್ಮ ತೆಗೆದು ಮೂರು ವಾರ ಆಯ್ತಲ್ಲೇ, ಇನ್ನೂ ಯಾಕೆ ಪ್ಲಾಸ್ಟರು? ಬಿಚ್ಚು, ಗಾಳಿಯಾಡ್ಲಿ.” ಅವಳಿಗೆ ಏನೂ ಹೇಳಿಲ್ಲ. ಅವಳ ಮೊದಲ ಬಿಳಿ ಕಲೆ ಎದ್ದಿದ್ದು ಮೊಣಕಾಲು ತರಚಿದ ಜಾಗದಲ್ಲೇ.

ಈಗ ಒಂದು ತುದಿ ಎತ್ತಿ ಇಣುಕಿದೆ. ಪ್ಲಾಸ್ಟರಿನ ಅಡಿಯ ಚರ್ಮ ಯಾರದಾದರೂ ಸ್ವಲ್ಪ ಬಿಳಿಚಿಕೊಂಡೇ ಇರುತ್ತೆ. ಇರುತ್ತೆ ತಾನೇ. ಅಕ್ಕನಾದರೆ ನೋಡಿದ ಕೂಡಲೇ ಹೇಳ್ತಾಳೆ.

ಅದಕ್ಕೇ ಮತ್ತೆ ಅಂಟಿಸಿಬಿಟ್ಟೆ.