ಒಬ್ಬರೇ ಒತ್ತುವ ಬಟನ್

ಬೇಗೂರು, ವೆಂಕಟಮ್ಮನವರ ವಠಾರ
15 ನವೆಂಬರ್ 2009, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ಹೆಸರು ಬರೆಯಲು ಕೈ ಬರಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ಅವ್ವ ಕಲಿಸಿದ್ದಳು, ಬರೆಯಬಹುದೋ ಬಾರದೋ ಅದನ್ನು ಹೇಳಿಕೊಟ್ಟಿರಲಿಲ್ಲ. ಇರಲಿ, ಈ ಕಾಗದಕ್ಕೆ ವಿಳಾಸವೂ ಬೇಡ, ಅಂಚೆಯೂ ಬೇಡ. ನಿಮ್ಮ ಬುತ್ತಿಯ ಗಂಟಿನಲ್ಲಿ ರೊಟ್ಟಿಯ ಪಕ್ಕ ಮಡಚಿ ಇಡುತ್ತೇನೆ. ರಾತ್ರಿ ಗೇಟಿನ ಹತ್ತಿರ ಊಟಕ್ಕೆ ಬಿಚ್ಚಿದಾಗ ನಿಮ್ಮ ಕೈಗೆ ಸಿಗುತ್ತದೆ.

ನಿಮ್ಮ ಆರೋಗ್ಯ ಹೇಗಿದೆ ಎಂದು ಮೊದಲು ಕೇಳಬೇಕು. ಆದರೆ ನೀವು ಇಲ್ಲೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೀರಿ. ಬೆಳಗಿನಿಂದ ಕೆಮ್ಮು ಕಡಿಮೆಯಾಗಿದೆ. ಎದೆಯ ಗೊರಗೊರ ಇನ್ನೂ ಇದೆ. ಗೇಟಿನಲ್ಲಿ ಮಂಜು ಬೀಳುವ ಹೊತ್ತಿಗೆ ತಲೆಗೆ ಮಫ್ಲರ್ ಸುತ್ತಿಕೊಳ್ಳಿ ಎಂದರೆ ಕಿಸೆಯಲ್ಲಿ ಇಟ್ಟುಕೊಂಡು ಹೋಗುತ್ತೀರಿ. ಒಗೆಯುವಾಗ ನೋಡಿದೆ, ಇಟ್ಟ ಮಡಿಕೆ ಹಾಗೇ ಇತ್ತು. ನಾನು ಚೆನ್ನಾಗಿದ್ದೇನೆ. ಇಷ್ಟು ಹತ್ತಿರ ಇರುವವರಿಗೆ ಕ್ಷೇಮ ಸಮಾಚಾರ ಬರೆಯುವುದು ಅವ್ವನಿಗೆ ಬರೆಯುವುದಕ್ಕಿಂತ ಕಷ್ಟವಾಗಿದೆ. ನಾಲ್ಕನೆಯ ತರಗತಿಯ ಬರವಣಿಗೆ, ತಪ್ಪಿದ್ದರೆ ನೀವೊಬ್ಬರೇ ನಕ್ಕುಬಿಡಿ. ಗೇಟಿನಲ್ಲಿ ಜೊತೆಗಿರುವ ಸಂಗಣ್ಣನಿಗೆ ಓದಿ ಹೇಳಬೇಡಿ.

ನಿಮ್ಮನ್ನು ಎಬ್ಬಿಸಿ ಬಾಯಲ್ಲೇ ಹೇಳಬಹುದಿತ್ತು. ರಾತ್ರಿಯೆಲ್ಲ ನಿಂತು ಗೇಟು ಕಾದು ಬಂದವರನ್ನು ಹೇಗೆ ಎಬ್ಬಿಸಲಿ? ವಾರದಲ್ಲಿ ನನಗಿರುವುದು ಈ ಒಂದು ರಜೆ, ಈ ದಿನವೂ ನಿಮಗೆ ಹಗಲೇ ರಾತ್ರಿ. ಹಾಗಾಗಿ ಭಾನುವಾರ ನಾನು ಚಟ್ನಿ ಅರೆಯುವುದಿಲ್ಲ, ಕುಕ್ಕರ್ ಇಡುವುದಿಲ್ಲ, ಪಾತ್ರೆಯ ಕೆಳಗೆ ಬಟ್ಟೆ ಹಾಕಿ ತೊಳೆಯುತ್ತೇನೆ. ಸಂಜೆ ನೀವು ಎದ್ದು ಮೀಯುವಷ್ಟರಲ್ಲಿ ಪಕ್ಕದ ಕೋಣೆಯ ಸಂಗಣ್ಣ ಯೂನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. “ಏ ತಮ್ಮಾ, ಬರ್ತೀಯೋ, ಇಲ್ಲಾ ಗೇಟ್ ಇಲ್ಲಿಗೇ ಹೊತ್ಕೊಂಡು ಬರ್ಲ್ಯೋ?” ಎನ್ನುತ್ತಾನೆ. ನೀವು ನಗುತ್ತಾ ಬೂಟು ಏರಿಸುತ್ತೀರಿ. ನನ್ನ ಮಾತು ಬಾಯಲ್ಲೇ ಉಳಿಯುತ್ತದೆ. ಮೊಬೈಲ್ ಒಂದೇ, ಅದು ನಿಮ್ಮ ಹತ್ತಿರ. ನಮ್ಮ ಕಂಪನಿಯಲ್ಲಿ ಕಸಗುಡಿಸುವವರು ಮೊಬೈಲ್ ಒಳಗೆ ತರುವಂತೆಯೇ ಇಲ್ಲ.

ಈಗ ನಾನು ಕಂಡ ಒಂದು ಸೋಜಿಗ ಹೇಳುತ್ತೇನೆ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನ ಮೂರನೆಯ ಮಹಡಿಯಲ್ಲಿ ದೀಪಶ್ರೀ ಮೇಡಂ ಎಂದು ಒಬ್ಬರಿದ್ದಾರೆ. ನನ್ನನ್ನು ಹೆಸರು ಹಿಡಿದು ಕರೆಯುವವರು ಆ ಮಹಡಿಯಲ್ಲಿ ಅವರೊಬ್ಬರೇ. ಅವರ ಮೇಜಿನ ಕೆಳಗೆ ಎರಡು ಕಂಪ್ಯೂಟರ್ ಡಬ್ಬಿಗಳಿವೆ. ಮೇಜಿನ ಮೇಲೆ ನೋಡಿದರೆ ಒಂದೇ ಪರದೆ, ಒಂದೇ ಕೀಬೋರ್ಡ್, ಒಂದೇ ಮೌಸ್. ಮೊದಲು ನಾನು ಇದನ್ನು ಗಮನಿಸಿರಲಿಲ್ಲ. ಒಂದು ದಿನ ನಾನು ಮೇಜು ಒರೆಸುತ್ತಿದ್ದೆ, ಅವರು ಪಕ್ಕದಲ್ಲೇ ಕೂತು ಕೀಬೋರ್ಡಿನಲ್ಲಿ ಬರೆಯುತ್ತಿದ್ದರು. ಪರದೆಯ ತುಂಬ ಇದ್ದ ಅಕ್ಷರಗಳೆಲ್ಲ ಇದ್ದಕ್ಕಿದ್ದಂತೆ ಮಾಯವಾಗಿ ಪರದೆ ಕಪ್ಪಾಯಿತು. ನನ್ನ ಬಟ್ಟೆ ಎಲ್ಲಿ ತಗುಲಿತೋ ಎಂದು ಕೈ ಹಿಂದೆಳೆದುಕೊಂಡೆ. “ನಾ ಏನೂ ಮುಟ್ಟಿಲ್ರಿ ಮೇಡಂ” ಎಂದೆ. ಅಷ್ಟರಲ್ಲಿ ಬೇರೆಯದೇ ಒಂದು ಚಿತ್ರ ಬಂದು ಕೂತಿತು. ಮೇಡಂ ನಕ್ಕು, “ನೀನಲ್ಲ, ನಾನೇ. ಈ ಕಂಪ್ಯೂಟರ್‌ನಿಂದ ಆ ಕಂಪ್ಯೂಟರ್‌ಗೆ ಹೋದೆ ಅಷ್ಟೆ” ಎಂದರು. ಕೂತ ಕುರ್ಚಿಯಿಂದ ಏಳದೆ ಅವರು ಎಲ್ಲಿಗೆ ಹೋದರೋ ನನಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಆ ಮೇಜಿನ ಹತ್ತಿರ ನನ್ನ ಕೈ ನಿಧಾನವಾಯಿತು. ಸಾಬೂನಿನ ಡಬ್ಬಿಯಷ್ಟೇ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಪರದೆಯ ಬುಡದಲ್ಲಿದೆ. ಅದರ ಬೆನ್ನಿಗೆ ಶಾವಿಗೆಯ ಹಾಗೆ ವೈರುಗಳು, ಮುಂದೆ ಎರಡು ಪುಟ್ಟ ದೀಪ, ನಡುವೆ ಒಂದು ಬಟನ್. ಒತ್ತಿದರೆ ಒಂದು ದೀಪ ಆರಿ ಇನ್ನೊಂದು ಹತ್ತುತ್ತದೆ, ಪರದೆ ಸ್ವಲ್ಪ ಹೊತ್ತು ಕಪ್ಪಾಗಿ ಆಮೇಲೆ ಇನ್ನೊಂದು ಕಂಪ್ಯೂಟರ್ ಕಾಣುತ್ತದೆ. ಆಗ ಕೀಬೋರ್ಡೂ ಅದರದೇ, ಮೌಸೂ ಅದರದೇ. ಇದಕ್ಕೂ ಸ್ವಿಚ್ ಎಂದೇ ಹೇಳುತ್ತಾರಂತೆ. ಒಂದು ಪ್ರಶ್ನೆ ಬಹಳ ದಿನ ನನ್ನಲ್ಲೇ ಉಳಿಯಿತು. ಕೇಳಲು ನಾಚಿಕೆ. ಕೊನೆಗೆ ಒಂದು ಸಂಜೆ ಮೇಡಂ ಒಬ್ಬರೇ ಇದ್ದಾಗ ಕೇಳಿಯೇಬಿಟ್ಟೆ: ಕಾಣದೆ ಇರುವ ಕಂಪ್ಯೂಟರು ಆಗ ಏನು ಮಾಡುತ್ತಿರುತ್ತದೆ, ಮಲಗಿರುತ್ತದೆಯೇ? ಮೇಡಂ ಬರೆಯುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು. “ಇಲ್ಲ ದಾನೇಶ್ವರಿ, ಅದರ ಪಾಡಿಗೆ ಅದು ಕೆಲಸ ಮಾಡ್ತಾನೇ ಇರುತ್ತೆ. ನಮಗೆ ಕಾಣಲ್ಲ ಅಷ್ಟೆ. ಬೇಕಾದ್ರೆ ಮುಟ್ಟಿ ನೋಡು” ಎಂದರು. ಬಗ್ಗಿ ಎರಡು ಡಬ್ಬಿಗಳ ಮೇಲೂ ಕೈ ಇಟ್ಟೆ. ಎರಡೂ ಬೆಚ್ಚಗಿದ್ದವು. ಹಾಗಾದರೆ ಇನ್ನೊಂದು ಪರದೆ ಯಾಕೆ ತರುವುದಿಲ್ಲ ಎಂದು ಕೇಳಿದ್ದಕ್ಕೆ, “ಮೇಜಲ್ಲಿ ಜಾಗ ಎಲ್ಲಿದೆ? ಕಣ್ಣಾದ್ರೂ ನನಗೆ ಒಂದೇ ಜೊತೆ ತಾನೆ” ಎಂದರು.

ಆ ದಿನ ಬಸ್ಸಿನಲ್ಲಿ ಬರುವಾಗ ನಮ್ಮ ಕೋಣೆಯೇ ನೆನಪಾಯಿತು. ಒಂದು ಒಲೆ, ಒಂದು ಚಾಪೆ, ಒಂದು ರಗ್ಗು. ಬಾಚಣಿಗೆ ಒಂದೇ, ಕನ್ನಡಿ ಒಂದೇ, ಅದನ್ನೂ ನಿಮ್ಮ ಎತ್ತರಕ್ಕೆ ಮೊಳೆ ಹೊಡೆದಿದ್ದೀರಿ. ನನಗೆ ಕಾಣುವುದು ಹಣೆ ಮಾತ್ರ. ಕುಂಕುಮ ಇಡಲು ಅಷ್ಟು ಸಾಕು. ಸಂಜೆ ನಾನು ಬರುವ ಹೊತ್ತಿಗೆ ಬೀಗ ಹಾಕಿರುತ್ತದೆ. ಒಳಗೆ ನಿಮ್ಮ ಟವೆಲ್ ಇನ್ನೂ ಹಸಿ ಇರುತ್ತದೆ. ಈಗಷ್ಟೇ ಇದ್ದರು ಎಂದುಕೊಳ್ಳುತ್ತೇನೆ. ಬೆಳಿಗ್ಗೆ ನೀವು ಬೀಗ ತೆಗೆದಾಗ ನಿಮಗೆ ಏನು ಕಾಣುತ್ತದೋ ಯಾವತ್ತೂ ಕೇಳಲಿಲ್ಲ.

ಹೋದ ಗುರುವಾರ ನಡೆದದ್ದನ್ನು ಹೇಳಬೇಕೆಂದೇ ಇಷ್ಟು ಬರೆದೆ. ಮೇಡಂ ಜೊತೆ ಕೆಲಸ ಮಾಡುವ ನಂದೀಶ್ ಸಾರ್, ಮೇಡಂ ಕುರ್ಚಿಯ ಹಿಂದೆ ನಿಂತಿದ್ದರು. ಇಬ್ಬರಿಗೂ ಏನೋ ಅವಸರ. ಕೀಬೋರ್ಡಿನಲ್ಲಿ ಒಂದು ಕೀಲಿಯನ್ನು ಎರಡು ಸಲ ತಟ್ಟಿದರೂ ಆ ಸ್ವಿಚ್ ಬದಲಾಗುತ್ತದೆ. ಮೇಡಂ ಅದನ್ನು ತಟ್ಟಿದರು. ಅದೇ ಹೊತ್ತಿಗೆ ಸಾರ್ ಕೈ ಚಾಚಿ ಪೆಟ್ಟಿಗೆಯ ಬಟನ್ ಒತ್ತಿದರು. ಪರದೆ ಕಪ್ಪಾಗಿ, ಬೇಡವಾದ ಮೊದಲಿನ ಕಂಪ್ಯೂಟರೇ ಮತ್ತೆ ಬಂದು ನಿಂತಿತು. ಸ್ವಿಚ್ ಹಾಳಾಗಿದೆ ಎಂದುಕೊಂಡು ಇವರು ಇನ್ನೊಮ್ಮೆ ತಟ್ಟಿದರು, ಅವರು ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ. ಆಗ ಮೇಡಂಗೆ ಹೊಳೆಯಿತು. “ಕೈ ತೆಗೀತೀಯಾ ನಂದೀಶ್? ಇಬ್ರೂ ಒತ್ತಿದ್ರೆ ಎಲ್ಲಿದ್ವೋ ಅಲ್ಲೇ ಇರ್ತೀವಿ.” ಸಾರ್ ಬಿಡಲಿಲ್ಲ. “ನಿನಗೋಸ್ಕರಾನೇ ಒತ್ತಿದ್ದು ಕಣಮ್ಮ, ಸಹಾಯ ಮಾಡಿದ್ರೂ ತಪ್ಪಾ?” “ಸಹಾಯ ಮಾಡೋನು ಬಾಯಿ ಬಿಟ್ಟು ಹೇಳಿ ಮಾಡ್ಬೇಕಪ್ಪ” ಎಂದರು ಮೇಡಂ.

ನೆಲ ಒರೆಸುವ ಕೋಲು ಹಿಡಿದು ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ತಿರುಗಿ ನೋಡಿದರು. “ಏನಾಯ್ತು?” ಎಂದರು ಮೇಡಂ. ಏನಿಲ್ಲ ಎಂದು ಬಕೆಟ್ ಎತ್ತಿಕೊಂಡು ಹೊರಟುಬಿಟ್ಟೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ನಿಂತಾಗ ಆ ನಗು ಹೇಗೋ ಅಳುವಾಯಿತು.

ದಸರಾ ಆದ ಮೇಲೆ ನಾವು ಮಾಡಿದ್ದೂ ಅದೇ ಅಲ್ಲವೇ? ನಿಮಗೆ ಗೊತ್ತಿರುವ ಕಥೆಯೇ, ಆದರೆ ನನ್ನ ಕಡೆಯದನ್ನು ನಾನು ಹೇಳಿರಲಿಲ್ಲ. ಹಗಲು ನೀವು ಮನೆಯಲ್ಲಿರುತ್ತೀರಿ, ನಾನೂ ರಾತ್ರಿ ಕೆಲಸಕ್ಕೆ ಹೋದರೆ ಹಗಲೆಲ್ಲ ಜೊತೆಗಿರಬಹುದು ಎಂದು ನಮ್ಮ ಸೂಪರ್‌ವೈಸರ್ ವಸಂತಮ್ಮನವರ ಹಿಂದೆ ಬಿದ್ದು ರಾತ್ರಿ ಪಾಳಿ ಹಾಕಿಸಿಕೊಂಡೆ. ನಿಮಗೆ ಹೇಳಲಿಲ್ಲ. ನೀವು ಬೆಳಿಗ್ಗೆ ಬರುವ ಹೊತ್ತಿಗೆ ಚಹಾ ಕಾಸಿಟ್ಟು ಬಾಗಿಲು ತೆರೆಯಬೇಕು, ನಿಮ್ಮ ಮುಖ ಹೇಗಾಗುತ್ತದೆ ನೋಡಬೇಕು ಎಂದಿದ್ದೆ. ಮೊದಲ ರಾತ್ರಿ ಮುಗಿಸಿ ಕಂಪನಿಯ ಗಾಡಿ ನನ್ನನ್ನು ಬೇಗೂರಿನ ತಿರುವಿನಲ್ಲಿ ಇಳಿಸಿದರೆ, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ನೀವು ಬಸ್ಸಿಗೆ ಕಾಯುತ್ತಾ ನಿಂತಿದ್ದಿರಿ. “ನೀ ಇಲ್ಲೆ ಹ್ಯಾಂಗ?” ಎಂದಿರಿ. “ನೀವು ಹ್ಯಾಂಗ?” ಎಂದೆ ನಾನು. ನನಗಾಗಿ ನೀವೂ ನಿಮ್ಮ ಸಾಹೇಬರ ಕಾಲು ಹಿಡಿದು ಹಗಲು ಪಾಳಿ ಮಾಡಿಸಿಕೊಂಡಿದ್ದಿರಿ. ಆ ರಾತ್ರಿಯ ಪಾಳಿ ಮುಗಿಸಿ ಬಂದು, ಬೀಗ ಕಂಡು ನಾನು ಎಂದಿನಂತೆ ಕೆಲಸಕ್ಕೆ ಹೋಗಿದ್ದೇನೆ ಎಂದುಕೊಂಡು, ಬಟ್ಟೆ ಬದಲಿಸಿ ಹೊರಟಿದ್ದಿರಂತೆ. ಬಸ್ಸು ಬಂತು, ಹತ್ತಿಬಿಟ್ಟಿರಿ. ಕಿಟಕಿಯಿಂದ ಏನೋ ಹೇಳಿದಿರಿ, ಕೇಳಿಸಲಿಲ್ಲ.

ಆಗಲಾದರೂ ಕೂತು ಮಾತಾಡಬೇಕಿತ್ತು. ಎಲ್ಲಿ ಕೂರುವುದು, ಯಾವಾಗ? ನಾನೇ ಸರಿಮಾಡುತ್ತೇನೆ ಎಂದು ವಸಂತಮ್ಮನವರ ಹತ್ತಿರ ಬೈಸಿಕೊಂಡು ಮತ್ತೆ ಹಗಲಿಗೆ ಬಂದೆ. “ಇದೇನ್ ಬಸ್‌ಸ್ಟ್ಯಾಂಡಾ ನಿಂಗೆ, ಹತ್ತೋದು ಇಳಿಯೋದು? ಇನ್ನೊಂದ್ ಸಲ ಕೇಳಿದ್ರೆ ಮನೇಲೇ ಕೂತ್ಕೋ” ಎಂದರು. ಆ ಸಂಜೆ ಮಿರ್ಚಿ ಭಜಿ ಮಾಡೋಣ ಎಂದು ದಪ್ಪ ಮೆಣಸಿನಕಾಯಿ ತಂದೆ. ಬಂದು ನೋಡಿದರೆ ಬಾಗಿಲಿಗೆ ಬೀಗ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಓನರಮ್ಮ ವೆಂಕಟಮ್ಮ, “ಈಗ್ತಾನೆ ಓದ ಕಣವ್ವ ನಿನ್ ಗಂಡ, ರಾತ್ರಿ ಡೂಟೀನೇ ಬೇಕು ಅಂತ ಕೇಳಿ ಈಸ್ಕೊಂಡ್ನಂತೆ” ಎಂದರು. ನನ್ನ ಕೈಲಿದ್ದ ಮೆಣಸಿನಕಾಯಿ ನೋಡಿ ಅವರಿಗೂ ಕನಿಕರವಾಯಿತೇನೋ. “ಏನ್ ಗಂಡ ಎಂಡ್ತೀರೋ ನೀವು. ಬಾವಿ ರಾಟೆಗೆ ಕಟ್ಟಿದ ಎಲ್ಡು ಬಿಂದ್ಗೆ ಇದ್ದಂಗಿದೀರ. ಒಂದು ಮ್ಯಾಕ್ ಬಂದ್ರೆ ಇನ್ನೊಂದು ಕೆಳೀಕ್ ಓಯ್ತದೆ” ಎಂದರು. ಆ ದಿನ ನಿಮ್ಮ ಮೇಲೆ ಸಿಟ್ಟು ಬಂತು. ನಿಮಗೂ ನನ್ನ ಮೇಲೆ ಬಂದಿರಬೇಕು. ಆಮೇಲೆ ಇಬ್ಬರೂ ಆ ಮಾತೇ ಎತ್ತಲಿಲ್ಲ.

ಈಗ ರಾತ್ರಿ ಪಾಳಿಯ ಅಂಜಿನಮ್ಮ ಮಗಳ ಬಾಣಂತನಕ್ಕೆಂದು ಕೆಲಸ ಬಿಡುತ್ತಿದ್ದಾರೆ. ಶುಕ್ರವಾರ ವಸಂತಮ್ಮ ತಾವಾಗಿಯೇ ನನ್ನನ್ನು ಕರೆದು, “ಆವತ್ತು ರಾತ್ರಿ ರಾತ್ರಿ ಅಂತ ಕುಣೀತಿದ್ಯಲ್ಲ, ಈಗ ಬರ್ತೀಯಾ? ಆದ್ರೆ ಈ ಸಲ ಹೋದ್ರೆ ಹೋದಂಗೆ. ವಾಪಸ್ ಹಗಲು ಕೇಳಂಗಿಲ್ಲ. ನಾಳೆ ಹೇಳು” ಎಂದರು. ನನಗೆ ಅಂಜಿಕೆಯಾಯಿತು. ಯಾಕೆಂದರೆ ಮೊನ್ನೆ ಸಂಗಣ್ಣ ನಲ್ಲಿಯ ಹತ್ತಿರ ಸಿಕ್ಕಾಗ, “ನಿನ್ನ ಗಂಡ ಮತ್ತ ಸಾಹೇಬ್ರ ಹಿಂದ ಹಿಂದ ತಿರಗಾಕತ್ಯಾನ ನೋಡು ತಂಗಿ, ಏನ ಕೇಳಾವ ಅದಾನೋ” ಎಂದಿದ್ದ. ನೀವು ಏನು ಕೇಳಲು ತಿರುಗುತ್ತಿದ್ದೀರೋ ನನಗೆ ಗೊತ್ತು. ನನಗೆ ಗೊತ್ತು ಎಂಬುದು ನಿಮಗೆ ಗೊತ್ತಿಲ್ಲ. ವಸಂತಮ್ಮನವರಿಗೆ ನಾನು ಏನು ಹೇಳಿದೆ ಎಂದು ಬರೆಯಬೇಕು, ಪೆನ್ನು ಯಾಕೋ ಮುಂದೆ ಹೋಗುತ್ತಿಲ್ಲ.

ಊರಿನಿಂದ ಅವ್ವ ಫೋನು ಮಾಡಿದರೆ ನಾನು ಕೇಳಿದೆ ಎಂದು ಹೇಳಿ. ಬುತ್ತಿಯಲ್ಲಿ ಶೇಂಗಾ ಚಟ್ನಿ ಹೆಚ್ಚು ಇಟ್ಟಿದ್ದೇನೆ, ಸಂಗಣ್ಣನಿಗೂ ಕೊಡಿ. ಅದಕ್ಕಾದರೂ ಸುಮ್ಮನಿರಲಿ. ಗೇಟು ಕಾಯುವ ನಿಮ್ಮನ್ನು ಬಸವಣ್ಣ ಕಾಯಲಿ.

ಇದೇ ಕೋಣೆಯ,
ನಿಮ್ಮ ದಾನೇಶ್ವರಿ

ಮರೆತದ್ದು: ನೀವು ಮಗ್ಗುಲು ಬದಲಿಸಿದಿರಿ, ಇನ್ನೇನು ಏಳುತ್ತೀರಿ, ಬೇಗ ಬರೆಯುತ್ತೇನೆ. ನಾನು ನಿನ್ನೆಯೇ ಹೂಂ ಎಂದುಬಿಟ್ಟೆ. ನಾಳೆ ಸಂಜೆಯಿಂದ ನನಗೂ ರಾತ್ರಿ ಪಾಳಿ. ನಾನು ಒತ್ತಿಯಾಯಿತು, ಇನ್ನು ನೀವು ಕೈ ಚಾಚಬೇಡಿ. ಸಾಹೇಬರು ತಾವಾಗಿಯೇ ಹಗಲು ಕೊಡುತ್ತೇನೆಂದರೂ ಬೇಡವೆನ್ನಿ. ಆಗಲೇ ಕೇಳಿದ್ದರೆ, ಹಗಲು ಬೇಡವೆಂದು ಈ ರಾತ್ರಿಯೇ ಹೇಳಿ, ಬೈದರೆ ಬೈಸಿಕೊಳ್ಳಿ. ನಾಳೆ ಬೆಳಿಗ್ಗೆ ಎಲ್ಲೂ ನಿಲ್ಲದೆ ಮನೆಗೆ ಬನ್ನಿ. ಕೀಲಿ ಹುಡುಕಬೇಡಿ, ಬಾಗಿಲಿಗೆ ಬೀಗ ಇರುವುದಿಲ್ಲ.