ಗೇಟಿನಾಚೆ ಹಾಜರು

ಮಾರ್ಚ್ 4, ಮಂಗಳವಾರ

ಗಂಟಲು ಕಟ್ಟಿದೆ. ಬಿಸಿನೀರು ಕುಡಿದರೂ ಅಷ್ಟೇ. ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರನ್ನೂ ಮೂರು ಸಲ ಕೂಗಬೇಕು. ಮೂರಕ್ಕೂ ಓಗೊಡದಿದ್ದರೆ ಒಳಗೆ ತಿರುಗಿ "ಗೈರು ಸ್ವಾಮಿ" ಅನ್ನಬೇಕು. ಜಡ್ಜ್ ವಾರಂಟ್ ಬರೆಸುತ್ತಾರೆ. ಸಂಜೆ ಮನೆಯವರದು ಒಂದೇ ತಮಾಷೆ — "ಇದು ಕೋರ್ಟಲ್ಲ ಕಣೇ, ಮೆತ್ತಗೆ ಕರೆದ್ರೂ ಕೇಳುತ್ತೆ."

ಇಸ್ತ್ರಿಯಣ್ಣ ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ. ನಮ್ಮ ಬೀದಿ ತಿರುವಿನಲ್ಲೇ ಅವನ ಅಂಗಡಿ. ಗಿರಾಕಿಯ ಕೋಟಿನ ಜೇಬಿನಿಂದ ವಾಚ್ ಕದ್ದ ಎಂದು ಕೇಸು. ಜಾಮೀನಿನ ಮೇಲಿದ್ದಾನೆ. ಒಂದು ಡೇಟೂ ತಪ್ಪಿಸಿಲ್ಲ. ಅವನ ಅಂಗಿಗೆ ಮಾತ್ರ ಇಸ್ತ್ರಿ ಇರುವುದಿಲ್ಲ. ಕೇಳಿದರೆ ನಗುತ್ತಾನೆ. "ನನ್ನ ಬಟ್ಟೆ ಸರದಿ ಬರೋಷ್ಟರಲ್ಲಿ ಕೋರ್ಟ್ ಟೈಮ್ ಆಗಿರುತ್ತೆ ಅಕ್ಕ."

ಮಾಜಿ ಮಂತ್ರಿ ಇವತ್ತೂ ಬರಲಿಲ್ಲ. ಆಸ್ಪತ್ರೆಗಳ ಔಷಧಿ ದುಡ್ಡು ನುಂಗಿ ನೀರು ಕುಡಿದ ಆರೋಪ. ವಕೀಲರು ಎದ್ದು ಬೆನ್ನುನೋವು ಎಂದರು. ವಿನಾಯಿತಿ ಸಿಕ್ಕಿತು. ಸಂಜೆ ಟೀವಿಯಲ್ಲಿ ನೋಡಿದೆ — ಶಟಲ್ ಟೂರ್ನಮೆಂಟ್ ಉದ್ಘಾಟಿಸಿ, ಬ್ಯಾಟನ್ನೂ ಬೀಸಿ ತೋರಿಸುತ್ತಿದ್ದರು.

ಮಾರ್ಚ್ 18, ಮಂಗಳವಾರ

ಮಾಜಿ ಮಂತ್ರಿ ಬಂದರು. ಜೊತೆಗೆ ಅರ್ಧ ಊರನ್ನೇ ಕರೆತಂದರು. ಕಾರು, ಜೈಕಾರ, ಕ್ಯಾಮೆರಾ. ಪೊಲೀಸರು ಬೆಳಿಗ್ಗೆಯೇ ಕೋರ್ಟಿನ ಗೇಟ್ ಮುಚ್ಚಿ ಜನರನ್ನು ಆಚೆಯೇ ತಡೆದಿದ್ದರು.

ಮೊದಲು ಅವರ ಕೇಸು. ಕೂಗಲು ಬಾಯಿ ತೆರೆದೆ, ಬೆಂಚ್ ಕ್ಲರ್ಕ್ ಕೈ ಅಡ್ಡ ಹಿಡಿದರು. "ಈಗ್ಲೇ ಕೂಗ್ಬೇಡಮ್ಮ. ಸಾಹೇಬ್ರು ಇನ್ನೂ ಕಾರಲ್ಲಿದ್ದಾರೆ. ಪಾಸ್ ಓವರ್." ಅಂದರೆ ಫೈಲು ಪಕ್ಕಕ್ಕೆ, ಅವರು ಬಂದಾಗ ನೋಡೋಣ.

ಮುಂದಿನದು ಇಸ್ತ್ರಿಯಣ್ಣನದು. ಕೂಗಿದೆ. ಜೈಕಾರದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮೂರೂ ಸಲ ಕೂಗಿ ತಿರುಗಿದೆ. ಅಭ್ಯಾಸಬಲ... ಬಾಯಿ ತಾನೇ ಹೇಳಿಬಿಟ್ಟಿತು. "ಗೈರು ಸ್ವಾಮಿ." ಅವನ ವಕೀಲ ಬೇರೆ ಹಾಲಿನಲ್ಲಿದ್ದ. ಜಾಮೀನು ರದ್ದು. ವಾರಂಟ್.

ಮತ್ತೆ ಬಾಗಿಲಿಗೆ ಬಂದಾಗ ಕಂಡ. ಗೇಟಿನಾಚೆ. ಕಂಬಿಗಳ ನಡುವೆ ಕೈ ತೂರಿಸಿ ಕಿರುಚುತ್ತಿದ್ದ. ಕ್ಲರ್ಕಿಗೆ ಹೇಳಿದೆ. "ಸಹಿ ಬಿತ್ತು. ಇನ್ನು ಸುಮ್ನಿರು" ಎಂದರು. ಜನ ಕರಗಿದ ಮೇಲೆ ಒಳಗೆ ಓಡಿ ಬಂದ. ಜಡ್ಜ್ ಎದ್ದು ಹೋಗಿದ್ದರು. ಪೊಲೀಸರು ಅಲ್ಲೇ ಹಿಡಿದರು.

ಮಾಜಿ ಮಂತ್ರಿಗೆ ಕಟಕಟೆಯಲ್ಲಿ ಕುರ್ಚಿ ಹಾಕಿದ್ದರು. ಹಾಕಿದ್ದು ನಾನೇ.

ಮಾರ್ಚ್ 20

ಇಸ್ತ್ರಿಯಣ್ಣನ ಹೆಂಡತಿ ಬಂದಿದ್ದಳು. ಕೂರು ಎಂದರೂ ಕೂರಲಿಲ್ಲ. "ನಿಮ್ಮ ಮಾತಿಗೆ ಒಳಗೆ ಹೋದ್ರು ಅಕ್ಕ. ನಿಮ್ಮ ಮಾತಿಗೇ ಹೊರಗೆ ಬರ್ಲಿ."

ಅವಳು ಹೋದ ಮೇಲೆ ಮನೆಯವರು, "ಬಾಯಿಬಿಟ್ರೆ ಕೆಲಸಕ್ಕೇ ಸಂಚಕಾರ" ಎಂದರು. ಆಮೇಲೆ ಅವರೇ, "ಬಾಯಿಬಿಡದಿದ್ರೆ ನೀನೂ ನಿದ್ದೆ ಮಾಡಲ್ಲ, ನನಗೂ ಮಾಡೋಕೆ ಬಿಡಲ್ಲ." ಇವರಿಗೆ ನನ್ನ ಗುಣ ಗೊತ್ತು.

ಮಾರ್ಚ್ 24

ಜಡ್ಜ್ ಚೇಂಬರಿಗೆ ಹೋದೆ. ಅವನು ಗೈರಾಗಿರಲಿಲ್ಲ ಸ್ವಾಮಿ, ಗೇಟ್ ಮುಚ್ಚಿತ್ತು, ನಾನು ನೋಡದೆ ಹೇಳಿಬಿಟ್ಟೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಗೇಟ್ ಯಾರಿಗೋಸ್ಕರ ಮುಚ್ಚಿದ್ರು ಅಂತಾನೂ ಬರೀಬೇಕಾಗುತ್ತಮ್ಮ. ಬರೀಲಾ?"

ಕೇಳಿದ್ದು ನನ್ನನ್ನೋ ತಮ್ಮನ್ನೋ, ತಿಳಿಯಲಿಲ್ಲ.

ಏಪ್ರಿಲ್ 15

ಇಷ್ಟು ದಿನ ಬರೆಯುವ ಮನಸ್ಸಿರಲಿಲ್ಲ. ಹೋದ ವಾರ ಇಸ್ತ್ರಿಯಣ್ಣನನ್ನು ಬಿಟ್ಟರು. ಆರ್ಡರಿನಲ್ಲಿ ಗೇಟಿನ ಸುದ್ದಿಯೇ ಇಲ್ಲ. "ಆರೋಪಿಯ ನಿರ್ಲಕ್ಷ್ಯ" ಎಂದಿದೆ. ಇನ್ನೊಮ್ಮೆ ಗೈರಾದರೆ ಕೇಸ್ ಮುಗಿಯುವವರೆಗೂ ಜೈಲೇ. ಬೀದಿಯಲ್ಲಿ ಸಿಕ್ಕ. ಕಡ್ಡಿಯಾಗಿದ್ದಾನೆ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾಜಿ ಮಂತ್ರಿಗೆ ವಿದೇಶಕ್ಕೆ ಹೋಗಲು ಅನುಮತಿ. ಬೆನ್ನಿಗೆ ಚಿಕಿತ್ಸೆಯಂತೆ.

ನನಗೂ ಒಂದು ಆರ್ಡರ್. ನಾಳೆಯಿಂದ ಮೇಲಿನ ರೆಕಾರ್ಡ್ ರೂಮ್. "ಗಂಟಲಿಗೆ ರೆಸ್ಟ್" ಎಂದು ಕ್ಲರ್ಕ್ ನಕ್ಕರು.

ಏಪ್ರಿಲ್ 29, ಮಂಗಳವಾರ, ಬೆಳಿಗ್ಗೆ 11.20

ರೆಕಾರ್ಡ್ ರೂಮಿನಲ್ಲೇ ಕೂತು ಬರೆಯುತ್ತಿದ್ದೇನೆ. ವಿದೇಶಕ್ಕೆ ಹೊರಡುವ ಮುಂಚೆ, ವಾಪಸ್ ಬರುತ್ತೇನೆಂಬ ಬಾಂಡಿಗೆ ಸಹಿ ಹಾಕಲು ಮಾಜಿ ಮಂತ್ರಿ ಬಂದಿದ್ದಾರೆ. ಮತ್ತೆ ಗೇಟ್ ಬಂದ್. ಇಸ್ತ್ರಿಯಣ್ಣನ ಡೇಟೂ ಇವತ್ತೇ. ಕಿಟಕಿಯಿಂದ ಕಾಣುತ್ತಾನೆ — ಗೇಟಿನಾಚೆ, ಪೊಲೀಸಪ್ಪನಿಗೆ ಕೈ ಮುಗಿಯುತ್ತಾ. ವಕೀಲನೂ ಪಕ್ಕದಲ್ಲೇ, ಅವನನ್ನೂ ಬಿಟ್ಟಿಲ್ಲ. ಆಗಲೇ ಕೆಳಗಿಳಿದು ಕ್ಲರ್ಕಿಗೆ ಹೇಳಿ ಬಂದೆ. "ನಿನ್ನ ಕೆಲಸ ಮೇಲೆ" ಎಂದರು.

ಕೆಳಗೆ ಹೊಸಬ ಕೂಗಿದ. ಇಸ್ತ್ರಿಯಣ್ಣನ ಹೆಸರೇ. ದನಿ ಸಾಲದು.

ಎರಡನೆಯ ಸಲ.

ಕಿಟಕಿ ತೆಗೆದೆ. ಇಲ್ಲಿಂದ ನಾನು ಕೂಗಿದರೆ ಜಡ್ಜಿಗೂ ಕೇಳುತ್ತದೆ, ಕ್ಯಾಮೆರಾದವರಿಗೂ ಕೇಳುತ್ತದೆ. ಹಾಜರಿದ್ದಾನೆ ಸ್ವಾಮಿ, ಗೇಟಿನಾಚೆ ಹಾಜರಿದ್ದಾನೆ ಅಂತ. ಕೆಲಸ ಹೋದರೆ ಹೋಗಲಿ. ಮೂರನೆಯದಕ್ಕೆ ಮುಂಚೆಯೇ —