ನಿಂಬೆಹಣ್ಣು ಹತ್ತಿಸಿದ ಟೈರು

ಬೆರ್ರಿಯೆಸಾ, ಡಿಸೆಂಬರ್ ೧೯೮೬

ಚಿ. ಗುರುದತ್ತನಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ನೀನು ಬರೀ ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸ್ಪೋರ್ಟ್ಸ್ ಕಾರಿಗೆ ಕಂಪನಿಯವರು ಹಾಕಿರುವುದು ಬೇಸಿಗೆ ಟೈರು, ಚಳಿಗೆ ಗಟ್ಟಿಯಾಗಿ ಜಾರುತ್ತದೆ ಅಂತ ನೀನೇ ಹೇಳಿದೆ. ಬದಲಾಯಿಸೋ ಅಂದರೆ, "ಆಯುಧಪೂಜೇಲಿ ನಿಂಬೆಹಣ್ಣಿನ ಮೇಲೆ ಹತ್ತಿಸಿದ ಟೈರು ಕಣೇ ಅಕ್ಕ, ಏನೂ ಆಗಲ್ಲ" ಅನ್ನುತ್ತೀಯ. ಥೂ, ಕೇಳಿ ಅಸಹ್ಯವಾಯಿತು. ನಿನ್ನ ಸೋಮಾರಿತನಕ್ಕೆ ದೇವರನ್ನು ಎಳೆಯಬೇಡ.

ಮಾಮನ ಜೊತೆ ಟಾಹೋ ಬೆಟ್ಟಕ್ಕೆ ಹೋಗಿ ಹಿಮ ನೋಡುತ್ತೇನೆ ಅಂತ ನನ್ನ ಮಗಳು ಮೈಥಿಲಿ ಕುಣಿಯುತ್ತಿದ್ದಾಳೆ. ಆ ಬೆಟ್ಟದ ತಿರುವಿನಲ್ಲಿ ಟೈರು ಜಾರಿದರೆ ಗತಿ ಏನು? ಅವಳ ಸ್ವೆಟರು, ಟೋಪಿ, ಬುತ್ತಿ ಎಲ್ಲ ಕಟ್ಟಿಡುತ್ತೇನೆ. ಅದೇ ಟೈರಿನಲ್ಲಿ ಬಂದರೆ ಮಾತ್ರ ಬಾಗಿಲು ತೆಗೆಯುವುದಿಲ್ಲ.

ಚಳಿಗಾಲದ ಟೈರು ಹಾಕಿಸಿಕೊಂಡು ಬಾ. ನಾಲ್ಕು ನಿಂಬೆಹಣ್ಣು ನಾನೇ ತಂದಿಟ್ಟಿದ್ದೇನೆ.

ನಿನ್ನ ಅಕ್ಕ,
ವಸಂತಿ